ಮೊಣಕಾಲ ಹಿಂದಿನ ಭಾಗ್ಯ

ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ಬೆನ್ನಿನ ಮಾತು ಹಾಗಿರಲಿ, ನನಗೆ ನನ್ನ ಮೊಣಕಾಲಿನ ಹಿಂಭಾಗವೂ ಕಾಣಲಿಲ್ಲ. ಕಂಡಾಗಲೂ ತಪ್ಪಾಗಿ ಕಂಡಿತು. ಇದನ್ನು ಹೇಳಲು ನಾಚಿಕೆ, ಏಕೆಂದರೆ ನೋಡುವುದೇ ನನ್ನ ಉದ್ಯೋಗವಾಗಿತ್ತು. ತಿರುಪ್ಪೂರಿನ ಕಂಪನಿಯೊಂದರಲ್ಲಿ ಬಟ್ಟೆ ಚೆಕ್ಕಿಂಗ್ ಮಾಡುತ್ತಿದ್ದೆ. ತೂತು, ಗಂಟು, ಎಣ್ಣೆಕಲೆ ಹುಡುಕಿ, ನಾಲ್ಕು ಜನರ ಎದುರು ಇಡೀ ಥಾನನ್ನೇ ತಿರಸ್ಕರಿಸಿ, ಸಂಜೆ ಅದೇ ಗತ್ತಿನಲ್ಲಿ ಬಸ್ಸು ಹತ್ತುತ್ತಿದ್ದೆ.

ದಾವಣಗೆರೆ ಕಡೆಯಿಂದ ಹೋದ ನನಗೆ ಹತ್ತಿರದ ಕರುಮತ್ತಂಪಟ್ಟಿಯಲ್ಲಿ ಕೋಣೆ ಕೊಟ್ಟವರು ರಂಗಮ್ಮಕ್ಕ. ತಲೆಮಾರುಗಳಿಂದ ಅಲ್ಲೇ ನೆಲೆಸಿದ ಕನ್ನಡದ ಮನೆ. ಗಂಡ ಪವರ್‌ಲೂಮ್ ನಡೆಸುತ್ತಿದ್ದರು. ಮಗ್ಗದಿಂದ ಇಳಿದ ಬಟ್ಟೆಯನ್ನು ತೊಡೆಯ ಮೇಲೆ ಹರವಿಕೊಂಡು ಪುಟ್ಟ ಚಿಮಟದಿಂದ ಗಂಟು ಕೀಳುವುದು ಅಕ್ಕನ ಕೆಲಸ. ಜೊತೆಗೆ ಎರಡು ಹಸು. ಕನ್ನಡ ಆಡುತ್ತಿದ್ದರೇ ಹೊರತು ಓದಲು ಬಾರದು. ಹಾಗಾಗಿ ನಾನು ಊರಿನಿಂದ ತಂದು ನೇತುಹಾಕಿದ್ದ ಕ್ಯಾಲೆಂಡರಿನ ಏಕಾದಶಿ, ರಾಹುಕಾಲಗಳನ್ನೆಲ್ಲ ನಾನೇ ಓದಿ ಹೇಳಬೇಕಿತ್ತು. ನನ್ನನ್ನು ವಿದ್ವಾಂಸನೆಂದು ನಂಬಿದ್ದ ಮನೆ ಭೂಮಿಯ ಮೇಲೆ ಅದೊಂದೇ.

ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ಎಡ ಮೊಣಕಾಲಿನ ಹಿಂದೆ ಬೆರಳಿಗೆ ಏನೋ ತಗುಲಿತು. ಗಡ್ಡದ ಕನ್ನಡಿ ಹಿಡಿದು, ಬಗ್ಗಿ, ಸೊಂಟ ಉಳುಕಿಸಿಕೊಂಡು ನೋಡಿದರೆ ಕಪ್ಪು ಚುಕ್ಕೆ. ಹೊಸ ಮಚ್ಚೆ! ಕ್ಯಾಲೆಂಡರಿನ ಹಿಂದೆ ಮಚ್ಚೆಫಲವಿತ್ತು: ಎಡಗಾಲಿಗೆ ವಾಹನಯೋಗ. ಅಂದಿನಿಂದ ಆ ಜಾಗಕ್ಕೆ ಸೋಪು ಉಜ್ಜುವುದನ್ನೂ ಬಿಟ್ಟೆ. ಮಚ್ಚೆ ದಿನದಿನಕ್ಕೆ ಬೆಳೆಯಿತು. ಅದರ ಜೊತೆ ನನ್ನ ಮನಸ್ಸಿನಲ್ಲಿದ್ದ ಮೊಪೆಡ್ಡೂ ಬೆಳೆದು ನಾಲ್ಕನೆಯ ದಿನಕ್ಕೆ ಕಾರಾಯಿತು. ಸಂತೋಷ ತಡೆಯಲಾರದೆ ಐದನೆಯ ದಿನ ಪಂಚೆ ಎತ್ತಿ ಕಟ್ಟಿ ಅಕ್ಕನಿಗೆ ತೋರಿಸಿದೆ.

ಅಕ್ಕ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಇದು ಮಚ್ಚಂ ಅಲ್ಲ ತಂಬಿ, ಉಣ್ಣಿ. ಮಚ್ಚಕ್ಕೆ ಎಲ್ಲಾನಾ ಕಾಲಿರ್ತದಾ?"

ದನದ ಮೈಗೆ ಹತ್ತುವ ಉಣ್ಣಿ ನನ್ನ ರಕ್ತ ಕುಡಿದು ಕಾಳುಮೆಣಸಿನಷ್ಟು ದಪ್ಪವಾಗಿತ್ತು. ಬಸ್ಸಿಳಿದು ಹಸು ಮೇಯುವ ಹುಲ್ಲಿನಲ್ಲಿ ಅಡ್ಡದಾರಿ ಹಿಡಿಯುತ್ತಿದ್ದ ಸೋಮಾರಿತನದ ಫಲ. ನಾನು ಕುಣಿದಾಡಿ, ಸೀಮೆಎಣ್ಣೆ ಹಾಕಿ, ಊದುಬತ್ತಿಯಿಂದ ಸುಡಿ ಎಂದೆ.

"ಸುಮ್ನೆ ನಿಲ್ಲು ತಂಬಿ. ಸುಟ್ರೆ ಅದು ಹೊಟ್ಟೇಲಿರೋ ವಿಷ ಎಲ್ಲಾ ಒಳಗೇ ಕಕ್ತದೆ."

ಗಂಟು ಕೀಳುವ ಚಿಮಟವನ್ನೇ ತಂದು, ಚರ್ಮಕ್ಕೆ ತಾಗಿದಂತೆ ಹಿಡಿದು, ತಿರುಚದೆ, ನಿಧಾನವಾಗಿ ನೇರಕ್ಕೆ ಎಳೆದರು. ಸೋಪುನೀರಿನಿಂದ ತೊಳೆಸಿದರು. ಉಣ್ಣಿಯನ್ನು ಬೆಂಕಿಪೆಟ್ಟಿಗೆಯೊಳಗಿಟ್ಟು, "ಕಾಚ್ಚಲು ಬಂದ್ರೆ ಡಾಕ್ಟ್ರಿಗೆ ತೋರ್ಸಕ್ಕೆ ಬೇಕು" ಎಂದರು. ಜ್ವರ ಬರುವುದಕ್ಕೆ ಮುಂಚೆಯೇ ಅದಕ್ಕೆ ಸಾಕ್ಷಿ ಎತ್ತಿಡುವ ಈ ಮುಂಜಾಗ್ರತೆಗೆ ನಾನು ನಕ್ಕೆ.

ಮೂರನೆಯ ದಿನ ನಗು ನಿಂತಿತು. ಸುಡುವ ಜ್ವರ, ಸೀಳಿಹೋಗುವ ತಲೆನೋವು. ಅಂಗೈಯಲ್ಲಿ ಕೆಂಪು ಚುಕ್ಕೆಗಳು ಎದ್ದವು. ಕಂಪನಿಯ ಮರೂನ್ ಬಟ್ಟೆ ಬಣ್ಣ ಬಿಟ್ಟಿದೆ, ಆ ಲಾಟನ್ನು ರಿಜೆಕ್ಟ್ ಮಾಡಬೇಕು ಎಂದು ಮಲಗಿದಲ್ಲೇ ಬಡಬಡಿಸಿದೆನಂತೆ. ಅಕ್ಕ ಆಟೋ ತರಿಸಿ ನನ್ನನ್ನು ಅದರೊಳಗೆ ತುರುಕಿದರು. ವಾಹನಯೋಗ ಫಲಿಸಿತು.

ಆ ವರ್ಷ ಊರೆಲ್ಲ ಚಿಕೂನ್‌ಗುನ್ಯ. ಡಾಕ್ಟರೂ ಅದನ್ನೇ ಶಂಕಿಸಿ ಬರೆಯತೊಡಗಿದರು. ನಡುವೆ, ಹುಳ ಏನಾದರೂ ಕಚ್ಚಿತ್ತೇ ಎಂದು ತಮಿಳಿನಲ್ಲಿ ಕೇಳಿದರು. ಉಣ್ಣಿಯೆಂದರೆ ಮಚ್ಚೆಯ ಕಥೆಯೂ ಹೊರಬರುತ್ತದೆ. ಬಾಗಿಲಲ್ಲಿ ಇಪ್ಪತ್ತು ಜನ ನಿಂತಿದ್ದಾರೆ. "ಇಲ್ಲ" ಎಂದುಬಿಟ್ಟೆ.

"ನಾಚ್ಕೆ ಪಟ್ಕೊಂಡೇ ಸಾಯ್ತೀಯಾ ತಂಬಿ?" ಎಂದು ಗದರಿದ ಅಕ್ಕ, ಬೆಂಕಿಪೆಟ್ಟಿಗೆಯನ್ನು ಡಾಕ್ಟರ ಮೇಜಿನ ಮೇಲೆ ತೆರೆದಿಟ್ಟರು.

ಪೆನ್ನು ನಿಂತಿತು. ಡಾಕ್ಟರು ನನ್ನ ಅಂಗೈ ನೋಡಿದರು, ಅಂಗಾಲು ನೋಡಿದರು, ಬರೆದದ್ದನ್ನು ಹೊಡೆದುಹಾಕಿ ಬೇರೆ ಮಾತ್ರೆ ಬರೆದರು. ಇದು ಉಣ್ಣಿಜ್ವರವೇ ಇರಬೇಕು, ತಡವಾಗಿದ್ದರೆ ಜೀವಕ್ಕೇ ಕುತ್ತಾಗುತ್ತಿತ್ತು ಎಂದರು. ವಿದೇಶಗಳಲ್ಲಿ ಉಣ್ಣಿಯಿಂದ ಲೈಮ್ ಎಂಬ ರೋಗ ಬರುತ್ತದಂತೆ, ಕಚ್ಚಿದ ಜಾಗದ ಸುತ್ತ ಕೆಂಪು ಬಳೆಯಂತೆ ಹರಡುತ್ತದಂತೆ. ಇಲ್ಲಿ ಅದು ಅಪರೂಪ. ಯಾವುದೇ ಆಗಲಿ, ಹುಲ್ಲಿಗಿಳಿಯುವಾಗ ಕಾಲು ಮುಚ್ಚಿಕೊಳ್ಳಿ, ಬಂದ ಮೇಲೆ ಮೈ ನೋಡಿಕೊಳ್ಳಿ, ಕಂಡರೆ ಕೂಡಲೇ ಕೀಳಿ, ಜ್ವರ ಬಂದರೆ ಮುಚ್ಚಿಡದೆ ಹೇಳಿ ಎಂದರು. ಕೊನೆಯ ಮಾತನ್ನು ನನ್ನ ಮುಖ ನೋಡಿಯೇ ಹೇಳಿದರು.

ಎರಡು ದಿನದಲ್ಲಿ ಜ್ವರ ಇಳಿಯಿತು. ಮದ್ದು ಕೊಟ್ಟವರು ಡಾಕ್ಟರು, ನಿಜ. ಆದರೆ ನನ್ನ ಬಾಯಿಂದ ಹೊರಡದ ಸತ್ಯವನ್ನು ಅವರ ಮೇಜಿಗೆ ಮುಟ್ಟಿಸಿದವರು ಅಕ್ಕ. ಒಡಹುಟ್ಟಿದವರೂ ಅಷ್ಟು ಮಾಡುತ್ತಿದ್ದರೋ ಇಲ್ಲವೋ.

ಋಣ ತೀರಿಸಲಾಗದಿದ್ದರೂ ನೆನಪಿಗಿರಲಿ ಎಂದು ರೇಷ್ಮೆ ನೇಕಾರರ ಊರಾದ ಸಿರುಮುಗೈಗೆ ಹೋಗಿ ಅಕ್ಕನಿಗೊಂದು ರೇಷ್ಮೆಸೀರೆ ತಂದೆ. ನೇಕಾರರ ತಾಳ್ಮೆ ಮುಗಿಯುವವರೆಗೆ ಬೆಳಕಿಗೆ ಹಿಡಿದು, ತಿರುವಿ, ಮಗುಚಿ, ಒಂದು ಕುಂದೂ ಇಲ್ಲದ್ದನ್ನೇ ಆರಿಸಿದ್ದೆ. ಅಕ್ಕ ಕಣ್ಣೊರೆಸಿಕೊಂಡು ಸೀರೆಯ ಮೇಲೆ ಕೈಯಾಡಿಸಿದರು. ಸೆರಗಿನ ಹತ್ತಿರ ಬೆರಳು ನಿಂತಿತು. ಉಗುರಿನಿಂದ ಸಣ್ಣದೊಂದು ಗಂಟನ್ನು ಮೀಟಿ ತೆಗೆದು, "ಇರ್ಲಿ ಬಿಡು ತಂಬಿ, ಸೀರೆ ಬಂಗಾರದಂಗದೆ. ಇಷ್ಟು ಚಿಕ್ಕದು ನಿನ್ ಕಣ್ಣಿಗೆ ಬೀಳಲ್ಲ" ಎಂದರು.

ನಾನು ಪ್ಯಾಂಟಿನ ಕಾಲು ಮಡಚಿ, ಅವರಿಗೆ ಬೆನ್ನು ಮಾಡಿ ನಿಂತೆ. ಅಂದೂ ಹುಲ್ಲಿನಲ್ಲೇ ನಡೆದು ಬಂದಿದ್ದೆ.