ಏಳನೇ ಮೊಲದ ಕಿವಿಯಿಂದ ರಕ್ತ ತೆಗೆಯುವ ಬಗ್ಗೆ

ಪ್ರತಿಕಾಯ ತಯಾರಿಕಾ ಪ್ರಯೋಗಾಲಯ
ಕಂಬಂ ರಸ್ತೆ, ಉತ್ತಮಪಾಳಯಂ

ಸುತ್ತೋಲೆ ಸಂಖ್ಯೆ: ಪ್ರತಿಕಾಯ/ಮೊಲ-7/ಕಿವಿ/1998
ದಿನಾಂಕ: 14-9-1998

ವಿಷಯ: ಸಿಯಾಲಿಕ್ ಆಮ್ಲ ಹಿಡಿಯುವ ಗ್ರಾಹಕವನ್ನು ಪತ್ತೆಹಚ್ಚುವ ಪ್ರತಿಕಾಯದ ತಯಾರಿಕೆ, ಸದರಿ ಪ್ರತಿಕಾಯವನ್ನು ಮೈಯಲ್ಲಿಟ್ಟುಕೊಂಡು ಮೊಲವು ಟೌನ್ ಬಸ್ಸಿನಲ್ಲಿ ಹೊರಟುಹೋದದ್ದು, ತತ್ಸಂಬಂಧ ಸೂಚನೆಗಳು.

ಉಲ್ಲೇಖ: (1) ಇದೇ ವಿಷಯದ ತಮಿಳು ಸುತ್ತೋಲೆ (ಯಾರೂ ಓದಿಲ್ಲ). (2) ಮಾರ್ಕಯನ್‌ಕೋಟ್ಟೈ ವಾಸಿ ಶ್ರೀಮತಿ ಪೇಚ್ಚಿಯಮ್ಮಾಳ್ ಇವರ ಮೌಖಿಕ ಆಕ್ಷೇಪಣೆ (ಇಡೀ ಬೀದಿ ಕೇಳಿದೆ).

ಸಿಬ್ಬಂದಿಯಲ್ಲಿ ಹೆಚ್ಚಿನವರ ಮನೆಮಾತು ಕನ್ನಡವಾದ್ದರಿಂದ ಈ ಸುತ್ತೋಲೆಯನ್ನು ಕನ್ನಡದಲ್ಲಿ ಹೊರಡಿಸಲಾಗಿದೆ. ಅವರಲ್ಲಿ ಯಾರಿಗೂ ಕನ್ನಡ ಅಕ್ಷರ ಬಾರದೆಂಬುದು ತಡವಾಗಿ ಗಮನಕ್ಕೆ ಬಂದಿದೆ. ಆದ್ದರಿಂದ, ಮನೆಮಾತು ಕನ್ನಡವಲ್ಲದಿದ್ದರೂ ಕನ್ನಡ ಅಕ್ಷರ ಬಲ್ಲ ಏಕೈಕ ಗುಮಾಸ್ತ ಶ್ರೀ ಪೆರಿಯಸಾಮಿ ಇವರು ಟೀ ವೇಳೆಯಲ್ಲಿ ಇದನ್ನು ಗಟ್ಟಿಯಾಗಿ ಓದತಕ್ಕದ್ದು. ಓದುವಾಗ ಯಾರೂ ನಗತಕ್ಕದ್ದಲ್ಲ.

1. ದೇಹದ ಕೆಲವು ರಕ್ಷಣಾ ಕೋಶಗಳ ಮೈಮೇಲೆ ಮೇಲ್ಕಂಡ ಗ್ರಾಹಕ (ರಿಸೆಪ್ಟರ್) ಇದ್ದು, ಅದು ಬೇರೆ ಕೋಶಗಳ ಮೇಲಿನ ಸಿಯಾಲಿಕ್ ಆಮ್ಲವೆಂಬ ಸಕ್ಕರೆಯನ್ನು ಹಿಡಿದುಕೊಳ್ಳುತ್ತದೆ. ಗ್ರಾಹಕ ಬರಿಗಣ್ಣಿಗೂ ಕಾಣದು, ಸೂಕ್ಷ್ಮದರ್ಶಕಕ್ಕೂ ಕಾಣದು. ಪ್ರತಿಕಾಯ ಹೋಗಿ ಅದಕ್ಕೆ ಅಂಟಿಕೊಂಡು, ಮೇಲೆ ಬಣ್ಣ ಕಟ್ಟಿಸಿದರೆ ಮಾತ್ರ ಆ ಕೋಶ ಕಂದಾಗಿ ತೋರುತ್ತದೆ. ಈ ಪ್ರತಿಕಾಯಕ್ಕಾಗಿ ಬೇಸಿಗೆಯಿಂದ ಸದರಿ ಗ್ರಾಹಕದ ಚುಚ್ಚುಮದ್ದು ಪಡೆದ ಮೊಲಗಳ ಪೈಕಿ ಏಳನೆಯದರ ರಕ್ತದಲ್ಲಿ ಮಾತ್ರ ಅದು ಹುಟ್ಟಿತು. ಚೆನ್ನೈನಿಂದ ಬರುವ ತಪಾಸಣಾಧಿಕಾರಿಗಳಿಗೆ ಕಂದು ಕೋಶ ತೋರಿಸದಿದ್ದಲ್ಲಿ ಪ್ರಯೋಗಾಲಯವನ್ನು ಮುಚ್ಚಲಾಗುವುದೆಂದು ತಿಳಿಸಲಾಗಿತ್ತು.

2. ಆದಕಾರಣ ಏಳನೇ ಮೊಲದ 'ಅಂತಿಮ ರಕ್ತಸಂಗ್ರಹ'ಕ್ಕೆ ಆದೇಶಿಸಲಾಯಿತು. ಮೊಲಗಳಿಗೆ ಮೇವು ಹಾಕುವ ಶ್ರೀಮತಿ ತೇನ್‌ಮೊಳಿ ಇವರು ನಿರ್ದೇಶಕರಾದ ಡಾ. ವಸಂತಕುಮಾರ್ ಇವರನ್ನು ಭೇಟಿಯಾಗಿ, "ಅಂತಿಮ ಅಂದ್ರ ಏನು ಸಾರ್?" ಎಂದು ವಿಚಾರಿಸಿದರು. "ಇರೋ ನೆತ್ರೆಲ್ಲಾ ತಕ್ಕೋಳೋದಮ್ಮಾ" ಎಂದು ಉತ್ತರಿಸಲಾಯಿತು. "ಆಮ್ಯಾಕೆ ಮೊಲ?" ಎಂಬ ಮರುಪ್ರಶ್ನೆಗೆ ನಿರ್ದೇಶಕರು ಆದೇಶದಲ್ಲಿನ 'ಅಂತಿಮ' ಎಂಬ ಪದವನ್ನು ಬೆರಳಿಟ್ಟು ತೋರಿಸಿದರು.

3. ಅಂದೇ ಸಂಜೆ ಮೊಲವು ಬಾಳೆಎಲೆ ಮುಚ್ಚಿದ ಬುಟ್ಟಿಯಲ್ಲಿ, ಶ್ರೀಮತಿ ತೇನ್‌ಮೊಳಿಯವರ ತೊಡೆಯ ಮೇಲೆ ಕುಳಿತು, ಟೌನ್ ಬಸ್ಸಿನಲ್ಲಿ ಮಾರ್ಕಯನ್‌ಕೋಟ್ಟೈನ ಅವರ ಮನೆ ಸೇರಿತು. ಪೊಲೀಸರಿಗೆ ದೂರು ಕೊಡಬೇಕೆಂಬ ಸಲಹೆಯನ್ನು ನಿರ್ದೇಶಕರು ಒಪ್ಪಲಿಲ್ಲ. ಬದಲಾಗಿ ಸಿರಿಂಜು, ಹತ್ತಿ, ಐಸ್ ಡಬ್ಬಿ ಹಿಡಿದು ಮರುದಿನ ತಾವೇ ಬಸ್ಸು ಹತ್ತಿದರು.

4. ಜಗಲಿಯ ಮೇಲೆ ತೇನ್‌ಮೊಳಿಯವರ ಅತ್ತೆ ಪೇಚ್ಚಿಯಮ್ಮಾಳ್ ಮೊಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಸೊಸೆ ಬಾಗಿಲ ಹಿಂದೆ ಅಳುತ್ತಿದ್ದರು.

"ಅಮ್ಮಾ, ಕಿವೀಲಿ ಒಸಿ ನೆತ್ರು ಸಾಕು" ಎಂದು ನಿರ್ದೇಶಕರು ವಿನಂತಿಸಿದರು.

"ನಿನ್ ಕಿವೀಲೇ ತಕ್ಕೋ ತಂಬಿ. ನಿಂದೂ ಚೆನ್ನಾಗೇ ದೊಡ್ದೈತೆ" ಎಂದು ಪೇಚ್ಚಿಯಮ್ಮಾಳ್ ಆಕ್ಷೇಪಣೆ ಸಲ್ಲಿಸಿದರು.

ನಿರ್ದೇಶಕರ ರಕ್ತದಲ್ಲಿ ಆ ಪ್ರತಿಕಾಯವಿಲ್ಲವೆಂದು ವಿವರಿಸಲಾಯಿತು. "ಅಷ್ಟು ಓದಿ ಅದೂ ಇಲ್ವಾ?" ಎಂದು ಕೇಳಲಾಯಿತು. ಕಡೆಗೆ, ಬಾಗಿಲ ಹಿಂದಿನಿಂದ ಬಂದ ಸೊಸೆಯೇ ಮೊಲವನ್ನು ಹಿಡಿದುಕೊಳ್ಳುವುದು, ಅತ್ತೆ "ಪೋದುಂ" (ಸಾಕು) ಎಂದಾಕ್ಷಣ ಸೂಜಿ ತೆಗೆಯುವುದು ಎಂದು ಒಪ್ಪಂದವಾಯಿತು. ಅತ್ತೆ ಬಹು ಬೇಗ "ಪೋದುಂ" ಎಂದರು.

5. ಸಿಕ್ಕಿದ್ದು ಅತ್ಯಲ್ಪ ರಕ್ತ. ವಿಧಿಯಿಲ್ಲದೆ ಅದರ ಸೀರಂಗೆ ಸಾವಿರ ಪಾಲು ದ್ರಾವಣ ಬೆರೆಸಿ ಕೋಶಗಳಿದ್ದ ಗಾಜಿನ ಪಟ್ಟಿಯ ಮೇಲೆ ಹಾಕಿ ಬಣ್ಣ ಕಟ್ಟಿಸಲಾಯಿತು. ಗ್ರಾಹಕವುಳ್ಳ ಕೋಶಗಳು ಹುರಿದ ಕಾಫಿಬೀಜದಂತೆ ಕಂದಾದವು. ಚುಚ್ಚುಮದ್ದಿಗೆ ಮೊದಲೇ ಇದೇ ಮೊಲದಿಂದ ತೆಗೆದಿಟ್ಟಿದ್ದ ಸೀರಂ ಹಾಕಿದ ಪಟ್ಟಿ ಬೆಳ್ಳಗೇ ಉಳಿಯಿತು. ಇಷ್ಟು ತೆಳುವಾಗಿಯೂ ಕೆಲಸ ಮಾಡುವ ಪ್ರತಿಕಾಯಕ್ಕೆ ಅಂತಿಮ ಸಂಗ್ರಹದ ಅಗತ್ಯವೇ ಇಲ್ಲವೆಂದು ಸಾಬೀತಾಯಿತು. ನಿರ್ದೇಶಕರು ಸೂಕ್ಷ್ಮದರ್ಶಕದಿಂದ ತಲೆಯೆತ್ತಿ "ಬದುಕ್ಕೊಂಡ್ತು" ಎಂದರು. ಮೊಲವೋ ಪ್ರಯೋಗಾಲಯವೋ ಎಂಬುದನ್ನು ಅವರು ಸ್ಪಷ್ಟಪಡಿಸಿಲ್ಲ. ತಪಾಸಣಾಧಿಕಾರಿಗಳು ಗಾಜಿನ ಪಟ್ಟಿ ನೋಡಿ ಪ್ರಯೋಗಾಲಯ ಮುಂದುವರಿಯಲೆಂದು ಸಹಿ ಮಾಡಿರುತ್ತಾರೆ.

6. ಮೇಲ್ಕಂಡ ಹಿನ್ನೆಲೆಯಲ್ಲಿ ಕೆಳಕಂಡಂತೆ ವಿಧಿಸಲಾಗಿದೆ:

(ಅ) ಏಳನೇ ಮೊಲವು ಇನ್ನುಮುಂದೆ ಮಾರ್ಕಯನ್‌ಕೋಟ್ಟೈ ಜಗಲಿಯಲ್ಲಿ ಕರ್ತವ್ಯದ ಮೇಲಿರುವುದಾಗಿ ಪರಿಗಣಿಸತಕ್ಕದ್ದು.

(ಆ) ಶ್ರೀಮತಿ ತೇನ್‌ಮೊಳಿಯವರಿಗೆ ನೀಡಿದ ಕಾರಣ ಕೇಳುವ ನೋಟೀಸನ್ನು ಹಿಂಪಡೆಯಲಾಗಿದೆ. ಕಾರಣ ಎಲ್ಲರಿಗೂ ತಿಳಿದಿದೆ.

(ಇ) "ಪೋದುಂ" ಎಂಬುದನ್ನು ರಕ್ತದ ಅಧಿಕೃತ ಅಳತೆಯೆಂದು ಅಂಗೀಕರಿಸಲಾಗಿದೆ. ಇದನ್ನು ಮಿಲಿಲೀಟರಿಗೆ ಪರಿವರ್ತಿಸಲು ಯಾರೂ ಯತ್ನಿಸತಕ್ಕದ್ದಲ್ಲ.

(ಈ) ಮೊಲಕ್ಕೆ ಚೆಲ್ಲಂ, ಕಣ್ಣು, ರಾಜಾ ಮುಂತಾದ ಮುದ್ದಿನ ಹೆಸರಿಡುವುದನ್ನು ನಿಷೇಧಿಸಲಾಗಿದೆ. ಈಗಾಗಲೇ ಇಟ್ಟಿರುವ ಹೆಸರುಗಳಿಗೆ ಇದು ಅನ್ವಯಿಸುವುದಿಲ್ಲ.

(ಉ) ರಕ್ತ ತೆಗೆಯುವ ಅಗತ್ಯವಿಲ್ಲದ ಭಾನುವಾರಗಳಂದೂ ನಿರ್ದೇಶಕರು ಐಸ್ ಡಬ್ಬಿಯೊಂದಿಗೆ ಸದರಿ ಜಗಲಿಗೆ ಹೋಗಿ ಕೇಪ್ಪೆ ಕಳಿ (ರಾಗಿ ಮುದ್ದೆ), ಕೀರೆ ಮಸಿಯಲ್ (ಮಸೆದ ಸೊಪ್ಪು) ಉಂಡು ಬರುತ್ತಿರುವುದನ್ನು ವೈಜ್ಞಾನಿಕ ಪ್ರವಾಸವೆಂದು ಈ ಮೂಲಕ ಸ್ಥಿರಪಡಿಸಲಾಗಿದೆ. ಖಾಲಿ ಡಬ್ಬಿಯ ಬಗ್ಗೆ ಪ್ರಶ್ನಿಸತಕ್ಕದ್ದಲ್ಲ.

(ಸಹಿ)
ಡಾ. ವಸಂತಕುಮಾರ್
ನಿರ್ದೇಶಕರು

ಪ್ರತಿಗಳು:
1. ತಪಾಸಣಾಧಿಕಾರಿಗಳು, ಚೆನ್ನೈ: ಒಂದು ಕಂದು ಗಾಜಿನ ಪಟ್ಟಿಯೊಂದಿಗೆ.
2. ಶ್ರೀ ಕರುಪ್ಪಸಾಮಿ, ಟೌನ್ ಬಸ್ ಕಂಡಕ್ಟರ್: ಬುಟ್ಟಿಯೊಳಗೇನಿದೆಯೆಂದು ಕೇಳದೇ ಇದ್ದುದಕ್ಕೆ ವಂದನೆಗಳೊಂದಿಗೆ.
3. ಶ್ರೀಮತಿ ಪೇಚ್ಚಿಯಮ್ಮಾಳ್: ಓದಿ ಹೇಳತಕ್ಕದ್ದು. ಓದುವವರು ಬಾಗಿಲಿಗೆ ಹತ್ತಿರ ನಿಲ್ಲತಕ್ಕದ್ದು.
4. ಏಳನೇ ಮೊಲ: ಮಾಹಿತಿಗಾಗಿ ಹಾಗೂ, ಕಾಗದ ರುಚಿಸಿದಲ್ಲಿ, ಸೂಕ್ತ ಕ್ರಮಕ್ಕಾಗಿ.