ಅಕ್ಕನಿಗೊಂದು ಬಾಕ್ಸು, ಊರಿಗೊಂದು ಬಾಕ್ಸು

ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೆ ನಮ್ಮಕ್ಕನಷ್ಟು ವೇದಿಕೆ ಹತ್ತಿ ಹಾಡಿದವರು ಇನ್ನೊಬ್ಬರಿಲ್ಲ. ನಮ್ಮಕ್ಕನಷ್ಟು ಯಾರ ಕಿವಿಗೂ ಬೀಳದೆ ಹೋದವರೂ ಇನ್ನೊಬ್ಬರಿಲ್ಲ! ಇವಳೆಂಥ ಗಾಯಕಿ ಎಂದು ನಗಬೇಡಿ. ಮೊದಲನೆಯದು ಅವಳ ಗುಣ, ಎರಡನೆಯದು ನನ್ನ ಕೈವಾಡ.

ಅಕ್ಕ ಮೊಳಕಾಲ್ಮೂರಿನ ನೇಕಾರರ ಮನೆಗೆ ಸೊಸೆಯಾಗಿ ಹೋದವಳು. ಮಗ್ಗದ ಸದ್ದನ್ನು ಮೀರಿ ಹಾಡಿ ಹಾಡಿ ಅವಳ ದನಿಗೆ ಎಂಥ ಬಲ ಬಂದಿತ್ತೆಂದರೆ, ಭಾವ ನಡುವೆ ಮಗ್ಗ ನಿಲ್ಲಿಸಿದರೆ ಪಕ್ಕದ ಬೀದಿಯವರು ಯಾರಿಗೇನಾಯಿತೆಂದು ಓಡಿ ಬರುತ್ತಿದ್ದರು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಚಳ್ಳಕೆರೆಯ ಮೈಕ್‌ಸೆಟ್ ಅಂಗಡಿಯಲ್ಲಿ ವೈರು ಸುತ್ತುತ್ತಾ ಬೆಳೆದು, ಕೊನೆಗೊಂದು ಆರ್ಕೆಸ್ಟ್ರಾ ಕಟ್ಟಿದವನು. ಗಾಯಕಿ ಬೇಕಿತ್ತು, ಮನೆಯಲ್ಲೇ ಇದ್ದಳು.

ಕಾರ್ಯಕ್ರಮ ಗೊತ್ತಾಯಿತೆಂದರೆ ಎರಡು ಮೂರು ದಿನ ಮೊದಲೇ ಅವಳು ಮೊಸರು ಬಿಡುತ್ತಿದ್ದಳು. ಮೊಸರೆಂದರೆ ಅವಳಿಗೆ ಪ್ರಾಣ! ಆಮೇಲೆ ಫ್ಲಾಸ್ಕಿನಲ್ಲಿ ಬಿಸಿನೀರು, ಬಾಯಲ್ಲಿ ಮೆಣಸಿನ ಕಾಳು, ಕತ್ತಿಗೆ ಮಫ್ಲರು. ಅದೂ ಏಪ್ರಿಲ್ ಬಿಸಿಲಲ್ಲಿ! ಒಮ್ಮೆ ಬಸ್ಸಿನ ಕಂಡಕ್ಟರ್ ಜ್ವರವೇನಮ್ಮಾ ಎಂದು ಕೇಳಿದ. ದನಿ ಹಾಳಾಗಬಾರದಲ್ಲ, ಇವಳು ಗಂಟಲು ತೋರಿಸಿ ಕೈಯಾಡಿಸಿದಳು. ಪಾಪ, ಮಾತು ಬಾರದ ಹೆಂಗಸು ಎಂದುಕೊಂಡು ಯಾರನ್ನೋ ಎಬ್ಬಿಸಿ ಸೀಟು ಕೊಡಿಸಿದ. ಸಂಜೆ ಕಾರ್ಯಕ್ರಮಕ್ಕೆ ಅದೇ ಕಂಡಕ್ಟರ್ ಬಂದಿದ್ದ. ಬಾಯಿ ತೆರೆದವನು ಮುಚ್ಚಲೇ ಇಲ್ಲ!

ವೇದಿಕೆಯ ಮೇಲೆ ಇನ್ನೊಂದು ಹುಚ್ಚು. ಜನರ ನಡುವೆ ಯಾವುದಾದರೂ ಮುಖ ಮನಸ್ಸಿಗೆ ಹಿಡಿದರೆ, ಆ ಮುಖಕ್ಕೇ ಹಾಡುತ್ತಾ ಸಾಲನ್ನು ಎಳೆಯುತ್ತಿದ್ದಳು. ಎಳೆದಳೆಂದರೆ ಎಳೆದಳು! ವಾದ್ಯದವರೆಲ್ಲ ಕಾಯುತ್ತಿದ್ದರು. ದೊಡ್ಡಉಳ್ಳಾರ್ತಿಯಲ್ಲಿ ಒಂದು ಸಲ ನಮ್ಮ ತಬಲದವನು ಆ ಬಿಡುವಿನಲ್ಲಿ ಎಲೆಗೆ ಸುಣ್ಣ ಸವರಿ, ಮಡಿಸಿ, ಬಾಯಿಗಿಟ್ಟುಕೊಂಡು, ಕೈ ಒರೆಸಿಕೊಂಡು, ಅವಳು ಇಳಿಯುವ ಹೊತ್ತಿಗೆ ಸರಿಯಾಗಿ ತಾಳಕ್ಕೆ ಸೇರಿಕೊಂಡ.

ಆಮೇಲೆ ಕಾರ್ಯಕ್ರಮ ಮಾಡಿಸುವವರ ಮನಸ್ಸು ಲೈಟಿನ ಮೇಲೆ ಹೋಯಿತು. "ಹಾಡು ಹೆಂಗೋ ನಡೀತೈತೆ, ಲೈಟ್ ಮಾತ್ರ ಜೋರಾಗಿರ್ಬೇಕ್ರಿ" ಎಂದರು ಗಣೇಶನನ್ನು ಕೂರಿಸುವ ಹುಡುಗರು. ಕೊಡುವ ದುಡ್ಡು ಮೊದಲಿನಷ್ಟೇ. ಅದರಲ್ಲೇ ಲೈಟು, ಜನರೇಟರು, ವ್ಯಾನಿಗೆ ಡೀಸೆಲ್ಲು, ಎಲ್ಲರ ಊಟ, ಎಲ್ಲರ ಕೂಲಿ. ಲೈಟಿಗೆ ಹೊಟ್ಟೆಯಿರಲಿಲ್ಲ, ವಾದ್ಯದವರಿಗಿತ್ತು! ಒಬ್ಬೊಬ್ಬರನ್ನೇ ಬಿಡಿಸಿದೆ. ತಬಲದವನು ಎಣ್ಣೆ ಮಿಲ್ಲಿಗೆ ಸೇರಿಕೊಂಡ. ಸಂಗೀತವೆಲ್ಲ ಒಂದು ಪೆನ್ ಡ್ರೈವಿಗೆ ಇಳಿಯಿತು. ವೇದಿಕೆ ಬೋಳಾಗಿ ಕಾಣಬಾರದೆಂದು ವ್ಯಾನಿನ ಡ್ರೈವರನ ಕೊರಳಿಗೆ ಗಿಟಾರು ಹಾಕಿ ನಿಲ್ಲಿಸಿದೆ. ಗಿಟಾರಿನ ವೈರಿನ ತುದಿ ಮೇಜಿನ ಕಾಲಿಗೆ ಕಟ್ಟಿತ್ತು. ಅವನ ಬೆರಳಿನ ಚಳಕ ಮೆಚ್ಚಿ ಕೊಂಡ್ಲಹಳ್ಳಿಯವರು ಶಾಲು ಹೊದಿಸಿದರು!

ಆದರೆ ಪೆನ್ ಡ್ರೈವು ಯಾರಿಗೂ ಕಾಯುವುದಿಲ್ಲ. ಅಕ್ಕ ಒಂದು ಸಾಲು ಎಳೆದು ಇಳಿಸುವಷ್ಟರಲ್ಲಿ ಸಂಗೀತ ಮುಂದಿನ ಚರಣ ಮುಗಿಸಿರುತ್ತಿತ್ತು. ಜನ ಸಿಳ್ಳೆ ಹಾಕಿದರು. ನಿನ್ನ ಹಾಡು ರೆಕಾರ್ಡ್ ಮಾಡಿ ಹಾಕುತ್ತೇನೆ, ಬರೀ ತುಟಿ ಆಡಿಸು, ಎಲ್ಲರೂ ಹಾಗೇ ಮಾಡುವುದು ಎಂದೆ.

"ಬಾಯಿ ತೆಗೆದು ದನಿ ಬರದಂಗೆ ಇರೋಕೆ ನಾನೇನ್ ಮೀನಾ?" ಎಂದಳು.

ಆಗ ನಾನು ಮಾಡಿದ್ದು ಇದು. ಗಿರಾಕಿಗಳ ಫೋನಿಗೆ ಕಳಿಸಲು ಸ್ಯಾಂಪಲ್ ಬೇಕೆಂದು ಸುಳ್ಳು ಹೇಳಿ, ಅವಳ ಹಾಡುಗಳನ್ನು ತಾಳ ತಪ್ಪದಂತೆ ರೆಕಾರ್ಡ್ ಮಾಡಿಸಿಕೊಂಡೆ. ಜನರ ಕಡೆಗಿದ್ದ ದೊಡ್ಡ ಬಾಕ್ಸುಗಳಲ್ಲಿ ಆ ರೆಕಾರ್ಡು. ಅಕ್ಕನ ಮೈಕಿನ ದನಿ ಮಾತ್ರ, ಅವಳ ಕಾಲ ಬಳಿ ಅವಳ ಕಡೆಗೇ ತಿರುಗಿಸಿಟ್ಟ ಚಿಕ್ಕ ಬಾಕ್ಸಿಗೆ. ತುಟಿಗೂ ಹಾಡಿಗೂ ಹೊಂದದಿದ್ದರೆ? ಕಣ್ಣು ಕುಕ್ಕುವ ಆ ಲೈಟಿನಲ್ಲಿ ತುಟಿ ಯಾರಿಗೆ ಕಾಣಬೇಕು! ಹೀಗೆ ಮೊಸರು ಬಿಟ್ಟು, ಮೆಣಸು ಜಗಿದು, ನಮ್ಮಕ್ಕ ವರ್ಷಗಟ್ಟಲೆ ತನಗೆ ತಾನೇ ಹಾಡಿಕೊಂಡಳು. ಚಪ್ಪಾಳೆ ಬಿದ್ದಾಗಲೆಲ್ಲ ನನ್ನ ಕಡೆ ತಿರುಗಿ ಹುಬ್ಬು ಹಾರಿಸುತ್ತಿದ್ದಳು. ನಾನು ತಲೆ ತಗ್ಗಿಸಿ ಯಾವುದೋ ಬಟನ್ ತಿರುಗಿಸುತ್ತಿದ್ದೆ.

ರಾಂಪುರದಲ್ಲೊಂದು ಮದುವೆ ಆರತಕ್ಷತೆ. ಅಕ್ಕ ತವರನ್ನು ನೆನೆಯುವ ಹಾಡು ಹಾಡುತ್ತಿದ್ದಳು. ಮುಂದಿನ ಸಾಲಿನಲ್ಲಿ ಒಬ್ಬಳು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಕ್ಕನಿಗೆ ಮುಖ ಸಿಕ್ಕಿತು! ಎಂದೂ ವೇದಿಕೆ ಬಿಡದವಳು ಅಂದು ವೈರಿಲ್ಲದ ಮೈಕು ಹಿಡಿದು ಮೆಟ್ಟಿಲಿಳಿದು ಹೋಗಿ, ಅಜ್ಜಿಯ ಕೈ ಹಿಡಿದು ಸಾಲನ್ನು ಎಳೆದಳು. ಚಿಕ್ಕ ಬಾಕ್ಸು ಮೇಲೆಯೇ ಉಳಿಯಿತು. ಇವಳಿನ್ನೂ ತವರಿನ ಬಾಗಿಲಲ್ಲೇ ಇದ್ದಳು, ದೊಡ್ಡ ಬಾಕ್ಸಿನ ಅಕ್ಕ ಆಗಲೇ ಗಂಡನ ಮನೆ ಸೇರಿದ್ದಳು. ಇವಳು ಬಾಯಿ ಮುಚ್ಚಿದಳು. ಹಾಡು ನಿಲ್ಲಲಿಲ್ಲ.

"ಪಾಡಮ್ಮಾ, ಯಾಕ್ ನಿಲ್ಸಿದೆ?" ಎಂದಳಂತೆ ಅಜ್ಜಿ, ತೆಲುಗು ಬೆರೆಸಿ. ಇಡೀ ಮಂಟಪದಲ್ಲಿ ಅಕ್ಕನ ಹಾಡು ನಿಂತದ್ದು ಗೊತ್ತಾದದ್ದು ಅವಳೊಬ್ಬಳಿಗೇ.

ಅಕ್ಕ ದೂರದಿಂದ ನನ್ನನ್ನು ನೋಡಿದಳು. ಆಮೇಲೆ ಜನರ ಕಡೆ ತಿರುಗಿ, ಪೆನ್ ಡ್ರೈವಿಗೆ ಸರಿಯಾಗಿ, ಒಂದಕ್ಷರ ಆಚೀಚೆ ಆಗದಂತೆ ತುಟಿ ಆಡಿಸಿ ಆ ಹಾಡನ್ನು ಮುಗಿಸಿಕೊಟ್ಟಳು. ಅಷ್ಟು ಜನರೆದುರು ನನ್ನ ಮಾನ ಉಳಿಯಬೇಕಿತ್ತಲ್ಲ.

ವ್ಯಾನಿನಲ್ಲಿ ಬೈಗುಳಕ್ಕೆ ಕಾದು ಕೂತಿದ್ದೆ. "ಮೊದ್ಲೇ ಹೇಳಿದ್ರೆ ಮೊಸರಾದ್ರೂ ತಿಂತಿದ್ನಲ್ಲೋ" ಎಂದಳು, ಅಷ್ಟೇ. ಡ್ರೈವರ್ ನಕ್ಕ. ನಾನೂ ನಗಲು ನೋಡಿದೆ, ಆಗಲಿಲ್ಲ.

ಮತ್ತೆ ಅವಳು ಕಾರ್ಯಕ್ರಮಕ್ಕೆ ಬರಲಿಲ್ಲ. ಪೆನ್ ಡ್ರೈವಿನ ಅಕ್ಕ ಬರುತ್ತಾಳೆ. ಅವಳು ಊಟ ಕೇಳುವುದಿಲ್ಲ, ಯಾರನ್ನೂ ಕಾಯಿಸುವುದಿಲ್ಲ. ಬೇರೊಬ್ಬಳು ನಿಂತು ತುಟಿ ಆಡಿಸುತ್ತಾಳೆ. ನಾನು ಮಾತ್ರ, ಅಕ್ಕ ಎಳೆಯುತ್ತಿದ್ದ ಜಾಗ ಬಂದಾಗಲೆಲ್ಲ ಇನ್ನೇನು ಎಳೆದಳು ಎಂದು ಉಸಿರು ಹಿಡಿಯುತ್ತೇನೆ. ಹಾಡು ಸರಕ್ಕನೆ ದಾಟಿ ಹೋಗುತ್ತದೆ.

ಮೊಳಕಾಲ್ಮೂರಿಗೆ ಹೋಗಿ ಒಂದು ಹಾಡು ಹಾಡೆಂದರೆ ಗಂಟಲು ಸರಿಯಿಲ್ಲ ಎನ್ನುತ್ತಾಳೆ. ಊಟಕ್ಕೆ ಕೂತರೆ ತಟ್ಟೆ ತುಂಬ ಗಟ್ಟಿ ಮೊಸರು. ಮೊನ್ನೆ ಧೈರ್ಯ ಮಾಡಿ ಹೇಳಿಯೇ ಬಿಟ್ಟೆ.

"ಅಕ್ಕ, ಭಾನುವಾರ ತಬಲದೋನು ನಮ್ಮನೆಗೆ ಬರ್ತಾನೆ. ಲೈಟು, ಬಾಕ್ಸು ಏನೂ ಇರಲ್ಲ. ಎಷ್ಟ್ ಎಳೀತೀಯೋ ಎಳಿ. ಕಾಯ್ತೀವಿ."

ಅವಳು ಒಳಗೆ ಹೋಗಿ ಊಟ ತಂದಳು. ಕೊನೆಯಲ್ಲಿ ನನ್ನ ಅನ್ನಕ್ಕೆ ಮೊಸರು ಸುರಿದಳು. ಆಮೇಲೆ ಪಾತ್ರೆಯನ್ನು ಭಾವನ ಕಡೆ ಸರಿಸಿ, ತನ್ನ ಅನ್ನಕ್ಕೆ ಇನ್ನೊಂದು ಸೌಟು ಸಾರನ್ನೇ ಹಾಕಿಕೊಂಡಳು.