ಮಾವನ ಬಾನೆಟ್ಟೂ ಹಲಸಿನ ಹಪ್ಪಳವೂ

ನನ್ನ ಸೋದರಮಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ನನ್ನ ಮದುವೆಯಲ್ಲಿ ಹೆಣ್ಣಿನ ತಂದೆಯನ್ನೇ ಅಡುಗೆಯವರೆಂದು ತಿಳಿದು, ಸಾರಿಗೆ ಉಪ್ಪು ಕಡಿಮೆಯಾಗಿದೆಯೆಂದು ಗದರಿಸಿದ ಮಹಾನುಭಾವರು ಅವರು! ಆದರೆ ಆ ಮದುವೆಗೆ ಬಂದ ಮೂರು ಕಾರುಗಳಲ್ಲಿ ಯಾವುದರ ಯಾವ ಬಾಗಿಲಿಗೆ ಡಾಂಬರು ಸಿಡಿದಿತ್ತು ಎಂದು ಕೇಳಿ, ನಿದ್ದೆಗಣ್ಣಿನಲ್ಲೂ ಹೇಳಿಯಾರು.

ಎಪ್ಪತ್ತನೇ ಇಸವಿಯ ಆಸುಪಾಸಿನ ಮಾತು. ನಾನು ಆಂಟಾಪ್ ಹಿಲ್‌ನ ಕಾಲನಿಯೊಂದರಲ್ಲಿ ಎರಡನೇ ಮಾಳಿಗೆಯ ಒಂದೂವರೆ ಕೋಣೆಯಲ್ಲಿದ್ದೆ. ಮಾವ ಅಂಧೇರಿಯ ಒಬ್ಬ ಸಾಹೇಬರ ಕರಿ ಕಾರಿನ ಡ್ರೈವರ್. ಸಾಹೇಬರ ಗ್ಯಾರೇಜಿನ ಹಿಂದಿನ ಖೋಲಿಯೇ ಅವರ ಮನೆ. ಡ್ರೈವರ್ ಎಂದರೆ ಮಾತ್ರ ಅವರಿಗೆ ಸಿಟ್ಟು ಬರುತ್ತಿತ್ತು. “ಗಾಡಿ ಯಾರು ಬೇಕಾದರೂ ಓಡಿಸ್ತಾರೆ ಮಾರಾಯ, ಅದರ ಮೈ ನೋಡಿಕೊಳ್ಳುವುದು ಯಾರು?”

ಆ ಮೈಗೆ ಏನೇ ಅಂಟಿದರೂ ಬಿಡಿಸುವ ವಿದ್ಯೆ ಮಾವನಿಗೆ ಹೇಗೆ ಬಂತೋ, ದೇವರೇ ಬಲ್ಲ. ಹೆಗಲ ಖಾಕಿ ಚೀಲದಲ್ಲಿ ಒಂದು ಶೀಸೆ ತೆಂಗಿನೆಣ್ಣೆ, ಇನ್ನೊಂದು ಶೀಸೆ ಚಿಮಣಿ ಎಣ್ಣೆ, ಒಂದು ತುಂಡು ಸಾಬೂನು, ತೊಳೆದು ತೊಳೆದು ಹತ್ತಿಯಷ್ಟು ಮೆತ್ತಗಾದ ಪಂಚೆಯ ಚೂರುಗಳು. ಇಷ್ಟೇ ಸರಂಜಾಮು! ಒಂದೇ ಒಂದು ನಿಯಮ: ಕೆರೆಯಕೂಡದು. “ಅಂಟನ್ನು ನಾವು ಕೀಳುವುದಲ್ಲ, ಅದೇ ಬಿಡಬೇಕು. ಅದಕ್ಕೂ ಸ್ವಲ್ಪ ಸಮಯ ಕೊಡು.”

ಒಮ್ಮೆ ನಾವಿಬ್ಬರೂ ಜೋಗೇಶ್ವರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಹೊಸ ಡಾಂಬರು ಹಾಕಿದ ರಸ್ತೆ. ಪಕ್ಕದಲ್ಲಿ ನಿಂತ ಬಿಳಿ ಕಾರಿನ ಕೆಳಬದಿಯಲ್ಲೆಲ್ಲ ಕಪ್ಪು ಚುಕ್ಕೆಗಳು. ಬಸ್ಸು ಬಂತು, ನಾನು ಹತ್ತಿದೆ. ತಿರುಗಿ ನೋಡುತ್ತೇನೆ, ಮಾವ ಆ ಕಾರಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಬಟ್ಟೆಗೆ ಚಿಮಣಿ ಎಣ್ಣೆ ತೋಯಿಸುತ್ತಿದ್ದಾರೆ! ಇಳಿದು ಓಡಿದೆ. ಅಷ್ಟರಲ್ಲಿ ಕಾರಿನ ಯಜಮಾನ “ಚೋರ್, ಚೋರ್” ಎಂದು ಕೂಗುತ್ತ ಬಂದ. ಮಾವ ತಲೆಯನ್ನೂ ಎತ್ತಲಿಲ್ಲ. ಚುಕ್ಕೆಗಳ ಮೇಲೆ ಬಟ್ಟೆ ಒತ್ತಿದರು, ಕಾದರು, ಮೆಲ್ಲಗೆ ಒರೆಸಿ ತಕ್ಷಣ ಸಾಬೂನು ನೀರಲ್ಲಿ ತೊಳೆದರು. ಯಜಮಾನ ಬಗ್ಗಿ ಆ ಜಾಗಕ್ಕೆ ಬೆರಳಾಡಿಸಿ ನೋಡಿದ. ಆಮೇಲೆ ಬಹಳ ವಿನಯದಿಂದ, ಆಚೆ ಬದಿಯನ್ನೂ ಸ್ವಲ್ಪ ನೋಡುತ್ತೀರಾ ಎಂದ. ಮಾವ ಸುತ್ತು ಹಾಕಿ ನೋಡಿದರು. “ಆ ಬದಿಗೆ ಬರೇ ಧೂಳು. ಅದಕ್ಕೆ ನಾನು ಬೇಡ.”

ಚುನಾವಣೆಯ ಸಮಯದಲ್ಲಿ ಯಾರೋ ಹುಡುಗರು ನಮ್ಮ ಬಿಲ್ಡಿಂಗಿನ ಕೆಳಗೆ ನಿಂತ ಕಾರಿಗೆ ಮೈದಾ ಅಂಟು ಬಳಿದು ಪೋಸ್ಟರ್ ಹಚ್ಚಿಬಿಟ್ಟರು. ಕಾರಿನವನು ಅದನ್ನು ಕೆರೆಯಲು ಚಾಕು ತಂದ. ಮಾವನ ಕಿರುಚಾಟಕ್ಕೆ ಮೂರೂ ಮಾಳಿಗೆಯ ಜನ ಹೊರಗೆ ಬಂದರು! ಆಮೇಲೆ ಬಿಸಿನೀರು ತರಿಸಿ, ಟವೆಲ್ ಅದ್ದಿ, ಜ್ವರದ ಮಗುವಿನ ಹಣೆಗೆ ಇಡುವಂತೆ ಪೋಸ್ಟರಿನ ಮೇಲೆ ಇಟ್ಟರು. ಅರ್ಧ ಗಂಟೆಯಲ್ಲಿ ಪೋಸ್ಟರ್ ಇಡಿಯಾಗಿ, ಉಮೇದುವಾರರ ಮೀಸೆಯ ಒಂದು ಕೂದಲೂ ಹರಿಯದೆ ಎದ್ದು ಬಂತು. ಅದನ್ನು ಬಿಸಿಲಲ್ಲಿ ಒಣಗಿಸಿ, ಮಡಚಿ, ಪಕ್ಷದ ಹುಡುಗರಿಗೆ ಒಪ್ಪಿಸಿ ಬಂದರು. “ತಗೊಳ್ಳಿ ನಿಮ್ಮ ಲೀಡರನ್ನು. ಏನೂ ಪೆಟ್ಟಾಗಿಲ್ಲ.”

ಇಂಥವರು ಕಾರನ್ನು ಎಲ್ಲಿ ನಿಲ್ಲಿಸಬೇಕು, ಹೇಳಿ! ಮರದಡಿ ಗೋಂದು, ಕಾಗೆ ಹಿಕ್ಕೆ. ಬಿಸಿಲಲ್ಲಿ ಬಣ್ಣ ಬೇಯುತ್ತದೆ. ಉಳಿದದ್ದು ಕಟ್ಟಡದ ನೆರಳು ಮಾತ್ರ. ಪ್ರತಿ ಆದಿತ್ಯವಾರ ಸಾಹೇಬರನ್ನು ಅವರ ಅಕ್ಕನ ಮನೆಗೆ ಬಿಟ್ಟು, ನಮ್ಮಲ್ಲಿಗೆ ಊಟಕ್ಕೆ ಬರುತ್ತಿದ್ದರು; ಸಾಹೇಬರಿಗೆ ಮತ್ತೆ ಕಾರು ಬೇಕಾಗುವುದು ಸಂಜೆ ಐದಕ್ಕೆ. ನೆರಳು ಸರಿದಂತೆಲ್ಲ ಕೈತೊಳೆದು ಇಳಿದು ಕಾರು ಸರಿಸಿ ಬರುತ್ತಿದ್ದರು. ಸಾರಿಗೆ ಒಮ್ಮೆ, ಮಜ್ಜಿಗೆಗೆ ಒಮ್ಮೆ! ಬಂದು ಕೂತು ಜಂಬದಿಂದ, “ಆ ಬಾನೆಟ್ಟಿನ ಮೇಲೆ ಎಲೆ ಇಲ್ಲದೆ ಊಟ ಬಡಿಸಬಹುದು, ಅಷ್ಟು ಚೊಕ್ಕ ಉಂಟು” ಎನ್ನುತ್ತಿದ್ದರು.

ಈ ಮಾತನ್ನು ನನ್ನ ಹೆಂಡತಿ ಮನಸ್ಸಿಟ್ಟು ಕೇಳಿಸಿಕೊಂಡಿದ್ದಳು.

ಅವಳು ಉಡುಪಿ ಕಡೆಯಿಂದ ಬಂದು ಮೂರು ತಿಂಗಳಾಗಿತ್ತು. ಹಿಂದಿ ಬಾರದು, ಲೋಕಲ್ ರೈಲು ಎಂದರೆ ಹೆದರಿಕೆ. ಅಂಗಳವಿಲ್ಲದ್ದು ಎಂಥ ಮನೆ ಎಂದು ದಿನಾ ಕೊರಗು. ಆ ಮೇ ತಿಂಗಳಲ್ಲಿ ಊರಿಂದ ಯಾರೋ ಒಂದು ಬಲಿತ ಹಲಸಿನಕಾಯಿ ತಂದುಕೊಟ್ಟರು. ಅವಳ ಮುಖ ಅರಳಿತು! ಆದಿತ್ಯವಾರ ಬೆಳಿಗ್ಗೆಯೇ ತೊಳೆ ಬೇಯಿಸಿ, ಕುಟ್ಟಿ, ಹಪ್ಪಳ ಒತ್ತಿದಳು. ಒಣಗಿಸುವುದೆಲ್ಲಿ? ಟೆರೇಸಿಗೆ ಬೀಗ. ಮಧ್ಯಾಹ್ನ ಮಾವ ಹಲಸಿನ ಹುಳಿ ಎರಡೆರಡು ಸಲ ಬಡಿಸಿಕೊಂಡು ಉಂಡು, ಜನ್ಮದಲ್ಲೇ ಮೊದಲ ಸಲ ಚಾಪೆಯ ಮೇಲೆ ಗೊರಕೆ ಹೊಡೆದರು. ನನ್ನದೂ ಅದೇ ಗತಿ. ಕೆಳಗೆ ನೆರಳು ಸರಿಯಿತು. ಕಿಟಕಿಯಿಂದ ಇಣುಕಿದವಳಿಗೆ ಕಂಡದ್ದು ಉರಿಬಿಸಿಲಿನಲ್ಲಿ ಫಳಫಳ ಹೊಳೆಯುವ ಬಾನೆಟ್ಟು.

ಮೂರು ಗಂಟೆಗೆ ಎದ್ದು ಇಳಿದ ಮಾವನ ಹಿಂದೆ ನಾನೂ ಇಳಿದೆ. ಕರಿ ಬಾನೆಟ್ಟಿನ ಮೇಲೆ ಸಾಲಾಗಿ ಹಪ್ಪಳ! ಅಂಚುಗಳು ಎದ್ದಿದ್ದವು, ನಡುಭಾಗ ಬಣ್ಣಕ್ಕೆ ಕಚ್ಚಿ ಕೂತಿತ್ತು. ಬಣ್ಣ ಎದ್ದರೆ ಮಾವನ ನೌಕರಿ ಹೋಯಿತು, ನೌಕರಿ ಹೋದರೆ ಖೋಲಿಯೂ ಹೋಯಿತು. ಐದಕ್ಕೆ ಸಾಹೇಬರ ಮುಂದೆ ಕಾರು ನಿಲ್ಲಬೇಕು. ನಾನು ಒಂದು ಹಪ್ಪಳಕ್ಕೆ ಉಗುರು ಹಾಕಿದೆ.

“ಮುಟ್ಟಬೇಡ!” ಮಾವ ಗದರಿದರು.

ಅಷ್ಟರಲ್ಲಿ ನನ್ನ ಹೆಂಡತಿಯೂ ಇಳಿದು ಬಂದಿದ್ದಳು. “ನೀವೇ ಹೇಳಿದ್ದಲ್ವಾ ಮಾವ, ಊಟ ಬಡಿಸಬಹುದು ಅಂತ...” ಎಂದವಳು ಅಲ್ಲೇ ಅತ್ತುಬಿಟ್ಟಳು. “ನನ್ನನ್ನು ಊರಿಗೆ ಕಳಿಸಿಬಿಡಿ. ಈ ಊರು ನನ್ನಿಂದಾಗುದಿಲ್ಲ.”

ಮಾವ ಅವಳ ಮುಖ ನೋಡಿ ಕೇಳಿದರು:

“ಹಲಸು ಕೊಯ್ಯುವಾಗ ಕೈಗೆ ಮೇಣ ಮೆತ್ತಿದರೆ ಎಂತ ಮಾಡ್ತಿ?”

“ತೆಂಗಿನೆಣ್ಣೆ ಹಚ್ತೇನೆ.”

“ಕತ್ತಿಯಲ್ಲಿ ಕೆರೀತಿಯಾ?”

“ಇಲ್ಲ.”

“ಮತ್ತೆ ಅಳುದೆಂತಕ್ಕೆ? ನಿನಗೆ ಕೆಲಸ ಗೊತ್ತುಂಟು. ಬಾ.”

ಎಂದು ಪಂಚೆಯ ಚೂರನ್ನು ಅವಳ ಕೈಗೆ ಕೊಟ್ಟರು! ಸ್ವಂತ ಸೋದರಳಿಯನಾದ ನನಗೆ ಆ ಕಾರಿನ ಹಿಡಿಕೆ ಮುಟ್ಟಲೂ ಅಪ್ಪಣೆಯಿರಲಿಲ್ಲ. ನನಗೆ ಸಿಕ್ಕಿದ್ದು ನೀರು ಹೊರುವ ಕೆಲಸ. ಕಾರನ್ನು ನೆರಳಿಗೆ ತಂದರು, ತಣಿಯಲು ಬಿಟ್ಟರು. ಉಗುರುಬೆಚ್ಚನೆಯ ಒದ್ದೆ ಬಟ್ಟೆ ಹೊದಿಸಿ ಕಾದರು. ಒಂದೊಂದೇ ಹಪ್ಪಳ ಮೆತ್ತಗಾಗಿ ಎದ್ದಿತು. ಉಳಿದ ಅಂಟಿಗೆ ಇಬ್ಬರೂ ಎಣ್ಣೆ ಸವರಿದರು, ಒರೆಸಿದರು, ಸಾಬೂನು ನೀರಲ್ಲಿ ತೊಳೆದರು. ನಾನು ಕಣ್ಣು ಮಿಟುಕಿಸದೆ ನೋಡುತ್ತ ನಿಂತೆ. ಪೂಜೆ ನೋಡಿದ ಹಾಗಾಯಿತು. ಐದು ಗಂಟೆಗೆ ಸಾಹೇಬರು ಅದೇ ಬಾನೆಟ್ಟಿನಲ್ಲಿ ಮುಖ ನೋಡಿ ತಲೆ ಬಾಚಿಕೊಂಡು ಹತ್ತಿದರಂತೆ!

ಹೊರಡುವ ಮೊದಲು ಮಾವ ಹಪ್ಪಳದ ಅಂಚೊಂದನ್ನು ಮುರಿದು ಬಾಯಿಗೆ ಹಾಕಿಕೊಂಡಿದ್ದರು. “ಉಪ್ಪು ಒಂಚೂರು ಕಡಿಮೆ.” ಅವಳು ಅಳುತ್ತಲೇ ನಕ್ಕಿದ್ದಳು.

ಮುಂದಿನ ಆದಿತ್ಯವಾರ ಮಾವ ಬೇಗ ಬಂದರು. ಕಿಟಕಿಯಲ್ಲಿ ನಿಂತಿದ್ದೆ. ಕಾರು ಕಟ್ಟಡದ ನೆರಳನ್ನು ದಾಟಿತು, ಆಚೆ ಹೋಗಿ ಕಂಪೌಂಡಿನ ನಟ್ಟನಡುವೆ, ಕಣ್ಣು ಕುಕ್ಕುವ ಬಿಸಿಲಿನಲ್ಲಿ ನಿಂತಿತು. ಮೈಯಲ್ಲಿ ಹುಷಾರಿಲ್ಲವೇ ಇವರಿಗೆ! ಮಾವ ಇಳಿದು, ಡಿಕ್ಕಿಯಿಂದ ತಮ್ಮ ಹೊದಿಕೆಯ ಕಂಬಳಿ ತೆಗೆದು ಬಾನೆಟ್ಟಿಗೆ ಹೊದಿಸಿದರು. ಅದರ ಮೇಲೆ ಒಂದು ಹೊಸ ಚಾಪೆ ಹಾಸಿದರು. ಒಂದು ಹಲಸಿನಕಾಯಿಯನ್ನೂ ಕೆಳಗಿಳಿಸಿದರು. ಆಮೇಲೆ ಮೇಲೆ ನೋಡಿ ಕೂಗಿದರು:

“ಮಗಾ, ಬಿಸಿಲು ನಾಲ್ಕರವರೆಗೆ ಉಂಟು. ಇವತ್ತು ಉಪ್ಪು ಸರಿ ಹಾಕು!”

ಯಾರ ಮುಖವೂ ನೆನಪಿರದ ನನ್ನ ಮಾವ, ಆ ಒಂದು ಅಳುಮುಖವನ್ನು ವಾರವಿಡೀ ನೆನಪಿಟ್ಟುಕೊಂಡಿದ್ದರು.

ಮಧ್ಯಾಹ್ನ ಅವಳು ಹಪ್ಪಳದ ಹರಿವಾಣ ಹಿಡಿದು ಒಬ್ಬಳೇ ಮೆಟ್ಟಿಲಿಳಿದಳು. ಮಾವ ಬಕೆಟ್ಟು ಬೋರಲು ಹಾಕಿ ಕೂತು, ಕೊಡೆ ಬೀಸಿ ಕಾಗೆ ಓಡಿಸುತ್ತಿದ್ದರು. ಊರಿಗೆ ಕಳಿಸಿ ಎಂಬ ಮಾತು ಅವಳ ಬಾಯಲ್ಲಿ ಮತ್ತೆ ಬರಲಿಲ್ಲ.